ಕಾಲೇಜ್ ಲೈಬ್ರರಿಗೆ ಕೋಹಾ ಹಾಕ್ಬೋದಾ? ಹಾಕ್ಬೋದು, ಆದ್ರೆ ಮೊದ್ಲು ನಿಮ್ಮ ಡೇಟಾ ಈಚೆ ತನ್ನಿ

ಪ್ರಶ್ನೆ: ತಾಲೂಕು ಕೇಂದ್ರದಲ್ಲಿರೋ ಅನುದಾನಿತ ಡಿಗ್ರಿ ಕಾಲೇಜಲ್ಲಿ ನಾನು ಲೈಬ್ರರಿಯನ್. ಸುಮಾರು 18,000 ಪುಸ್ತಕ ಇದೆ, ಅರ್ಧಕ್ಕಿಂತ ಜಾಸ್ತಿ ಕನ್ನಡದ್ದು. ಹಳೇ ಸಾಫ್ಟ್‌ವೇರ್‌ಗೆ ಪ್ರತಿ ವರ್ಷ ಎಎಂಸಿ (ವಾರ್ಷಿಕ ನಿರ್ವಹಣಾ ಶುಲ್ಕ) ಕಟ್ತೀವಿ, ಫೋನ್ ಮಾಡಿದ್ರೆ ಸರಿಯಾಗಿ ಎತ್ತಲ್ಲ. ಕೋಹಾ ಅನ್ನೋ ಫ್ರೀ ಲೈಬ್ರರಿ ಸಾಫ್ಟ್‌ವೇರ್‌ಗೆ ಹೋಗೋಣ ಅಂದ್ರೆ ಮ್ಯಾನೇಜ್‌ಮೆಂಟ್‌ನವರು "ಫ್ರೀ ಸಿಗೋದಕ್ಕೆ ನಾಳೆ ಜವಾಬ್ದಾರಿ ಯಾರು?" ಅಂತಾರೆ. ಅದು ಓಡೋದು ವಿಂಡೋಸ್ ಬದಲು ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಮೇಲಂತೆ, ನಮ್ಮಲ್ಲಿ ಅದು ಗೊತ್ತಿರೋರು ಯಾರೂ ಇಲ್ಲ. ಕನ್ನಡ ಎಂಟ್ರಿ ಎಲ್ಲಾ ನುಡಿ ಫಾಂಟ್‌ನಲ್ಲಿದೆ. ಧೈರ್ಯ ಮಾಡ್ಬೋದಾ?

ಉತ್ತರ: ಮಾಡ್ಬೋದು, ಮಾಡ್ಲೇಬೇಕು ಅಂತಾನೇ ನನ್ನ ಅಭಿಪ್ರಾಯ. ಆದ್ರೆ ನೀವು ಕೇಳಿರೋ ಪ್ರಶ್ನೆಗಳ ಆರ್ಡರ್ ಸ್ವಲ್ಪ ಬದಲಾಯಿಸ್ತೀನಿ. ಯಾವ ಸಾಫ್ಟ್‌ವೇರ್ ಅನ್ನೋದು ಎರಡನೇ ಪ್ರಶ್ನೆ, ಲಿನಕ್ಸ್ ಮೂರನೇದು. ಮೊದಲನೇದು, ನಿಮ್ಮ 18,000 ಪುಸ್ತಕದ ಮಾಹಿತಿ ಇವತ್ತು ನಿಜವಾಗ್ಲೂ ನಿಮ್ಮ ಕೈಲಿದ್ಯಾ ಅನ್ನೋದು. ಕಂಪನಿಯವರು ನಾಳೆ ಅಂಗಡಿ ಮುಚ್ಚಿದ್ರೆ ಒಂದು ಎಕ್ಸೆಲ್ ಶೀಟ್ ಆದ್ರೂ ನಿಮ್ಮತ್ರ ಉಳಿಯತ್ತಾ? ಇದಕ್ಕೆ ಉತ್ತರ "ಇಲ್ಲ" ಅಂತಾದ್ರೆ ಕೋಹಾ ಹಾಕ್ಲಿ ಬಿಡ್ಲಿ, ಅದನ್ನ ಈಚೆ ತರೋ ಕೆಲಸ ಈ ತಿಂಗಳೇ ಆಗ್ಬೇಕು.

ಮ್ಯಾನೇಜ್‌ಮೆಂಟ್‌ನವರ ಪ್ರಶ್ನೆಯಿಂದ ಶುರು ಮಾಡೋಣ, ಯಾಕಂದ್ರೆ ಅದು ನ್ಯಾಯವಾದ ಪ್ರಶ್ನೆ. ಫ್ರೀ ಅಂದ ತಕ್ಷಣ "ಹೇಳೋರು ಕೇಳೋರು ಇಲ್ಲ" ಅಂತ ಭಯ ಆಗೋದು ಸಹಜ. ಕೋಹಾ ಹುಟ್ಟಿದ್ದು ಹೇಗೆ ಅಂತ ಅವರಿಗೆ ಹೇಳಿ. ನ್ಯೂಜಿಲೆಂಡ್‌ನ ಹೊರೊಫೆನುವಾ ಅನ್ನೋ ಕಡೆಯ ಲೈಬ್ರರಿ ಟ್ರಸ್ಟ್‌ನವರತ್ರ ಇದ್ದ ಹಳೇ ಸಿಸ್ಟಮ್ 2000ನೇ ಇಸವಿ ದಾಟಲ್ಲ ಅನ್ನೋ ಪರಿಸ್ಥಿತಿ ಬಂದಿತ್ತು, ಅದೇ ವೈಟುಕೆ ಸಮಸ್ಯೆ, ನಿಮಗೂ ನೆನಪಿರ್ಬೋದು. ಅವರು 1999ರಲ್ಲಿ ಕಟಿಪೋ ಅನ್ನೋ ಒಂದು ಸಣ್ಣ ಕಂಪನಿಗೆ ದುಡ್ಡು ಕೊಟ್ಟು ಬರೆಸಿದ್ರು, 2000ನೇ ಇಸವಿ ಜನವರಿಯಲ್ಲಿ ಕೌಂಟರ್ ಮೇಲೆ ಓಡ್ಸಿದ್ರು, ಆಮೇಲೆ ಯಾರು ಬೇಕಾದ್ರೂ ಬಳಸಿ, ತಿದ್ದಿ, ಹಂಚ್ಬೋದಾದ ಜಿಪಿಎಲ್ ಲೈಸೆನ್ಸ್‌ನಲ್ಲಿ ಎಲ್ಲರಿಗೂ ಬಿಟ್ಟುಕೊಟ್ರು. ಅಂದ್ರೆ ಇದು ಯಾರೋ ಬಿಡುವಿದ್ದಾಗ ಬರೆದು ಬಿಸಾಕಿದ ಪ್ರೋಗ್ರಾಂ ಅಲ್ಲ, ಪುಸ್ತಕ ಇಶ್ಯೂ ಮಾಡೋ ಲೈಬ್ರರಿಯವರೇ ತಮ್ಮ ಕೆಲಸಕ್ಕೆ ಅಂತ ದುಡ್ಡು ಕೊಟ್ಟು ಮಾಡಿಸಿದ್ದು. ಈಗ್ಲೂ ಹಾಗೇ ನಡೀತಿದೆ, ಯಾವುದೋ ದೇಶದ ಲೈಬ್ರರಿಗೆ ಒಂದು ಸೌಲಭ್ಯ ಬೇಕಾದ್ರೆ ಅವರು ಖರ್ಚು ಹಾಕಿ ಮಾಡಿಸ್ತಾರೆ, ಆರು ತಿಂಗಳಿಗೊಂದ್ಸಲ, ಮೇ ಮತ್ತೆ ನವೆಂಬರ್‌ನಲ್ಲಿ ಬರೋ ಹೊಸ ವರ್ಷನ್‌ನಲ್ಲಿ ಅದು ನಿಮಗೂ ಸಿಗತ್ತೆ.

ಇನ್ನೊಂದು ಘಟನೆ ಹೇಳ್ತೀನಿ, "ಕಂಪನಿ ಕೈಬದಲಾದ್ರೆ ಏನ್ಮಾಡೋದು" ಅನ್ನೋರಿಗೆ ಇದಕ್ಕಿಂತ ಒಳ್ಳೇ ಉತ್ತರ ನನಗೆ ಗೊತ್ತಿಲ್ಲ. ಕೋಹಾ ಸಪೋರ್ಟ್ ಕೊಡ್ತಿದ್ದ ಅಮೆರಿಕದ ಒಂದು ಕಂಪನಿಯನ್ನ 2010ರಲ್ಲಿ ಇನ್ನೊಂದು ಕಂಪನಿ ಕೊಂಡ್ಕೊಳ್ತು. ಹಳೇ ವೆಬ್‌ಸೈಟ್ ಅವರ ಕೈಲಿತ್ತು, ಕೋಹಾ ಅನ್ನೋ ಹೆಸರಿನ ಟ್ರೇಡ್‌ಮಾರ್ಕ್ ನ್ಯೂಜಿಲೆಂಡ್‌ನಲ್ಲಿ ಯಾರದ್ದು ಅನ್ನೋ ಜಗಳ ಹತ್ಕೊಳ್ತು, 2013ರ ಕೊನೆಗೆ ತೀರ್ಮಾನ ಆ ಲೈಬ್ರರಿ ಟ್ರಸ್ಟ್ ಪರವಾಗಿ ಬಂತು. ಆದ್ರೆ ಮುಖ್ಯವಾದ ವಿಷಯ ಏನು ಅಂದ್ರೆ, ಈ ಜಗಳ ನಡೀತಿದ್ದ ಅಷ್ಟೂ ವರ್ಷ ಕೆಲಸ ನಿಲ್ಲಲಿಲ್ಲ. ಡೆವಲಪರ್‌ಗಳು, ಲೈಬ್ರರಿಯವರು ಬೇರೆ ವೆಬ್‌ಸೈಟ್ ಮಾಡ್ಕೊಂಡು ಮುಂದುವರಿದ್ರು, ಹೊಸ ವರ್ಷನ್‌ಗಳು ಬರ್ತಾನೇ ಇದ್ವು, ಯಾಕಂದ್ರೆ ಕೋಡ್ ಯಾರೂ ಬೀಗ ಹಾಕೋಕೆ ಆಗ್ದೇ ಇರೋ ಲೈಸೆನ್ಸ್‌ನಲ್ಲಿತ್ತು. ನಿಮ್ಮ ಹಳೇ ಸಾಫ್ಟ್‌ವೇರ್ ಕಂಪನಿಗೆ ಹೀಗಾಗಿದ್ರೆ ನಿಮ್ಮ ಗತಿ ಏನಾಗ್ತಿತ್ತು ಅಂತ ಮೀಟಿಂಗ್‌ನಲ್ಲಿ ಒಂದ್ಸಲ ಕೇಳಿ ನೋಡಿ.

ಹಂಗಂತ ಖರ್ಚೇ ಇಲ್ಲ ಅಂತ ಮಾತ್ರ ಅವರಿಗೆ ಹೇಳ್ಬೇಡಿ. ತುಂಬಾ ಕಡೆ ಕೋಹಾ ಸೋತಿರೋದು ಈ ಒಂದು ಮಾತಿಂದ. ಲೈಸೆನ್ಸ್ ಫೀ ಇಲ್ಲ, ಅಷ್ಟೇ. ಸರ್ವರ್‌ಗೆ ದುಡ್ಡು ಬೇಕು, ಡೇಟಾ ಮೈಗ್ರೇಶನ್‌ಗೆ (ಹಳೇದ್ರಿಂದ ಹೊಸದಕ್ಕೆ ಡೇಟಾ ಸಾಗಿಸೋಕೆ) ಬೇಕು, ಟ್ರೇನಿಂಗ್‌ಗೆ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ನಿಮ್ಮ ಟೈಮ್ ಬೇಕು. ಈಗ ಎಎಂಸಿಗೆ ಹೋಗ್ತಿರೋ ದುಡ್ಡನ್ನ ಉಳಿತಾಯ ಅಂತ ತೋರಿಸ್ದೆ, ಅದೇ ದುಡ್ಡು ಇನ್ಮೇಲೆ ಇದಕ್ಕೆ ಖರ್ಚಾಗತ್ತೆ, ಆದ್ರೆ ಸಪೋರ್ಟ್ ಸರಿಯಿಲ್ಲಾಂದ್ರೆ ಸಾಫ್ಟ್‌ವೇರ್ ಬದಲಾಯಿಸ್ದೇ ಕಂಪನಿ ಮಾತ್ರ ಬದಲಾಯಿಸ್ಬೋದು ಅಂತ ಹೇಳಿ. ಜವಾಬ್ದಾರಿ ಯಾರು ಅನ್ನೋದಕ್ಕೆ ಇದೇ ಉತ್ತರ. ಸಪೋರ್ಟ್ ಕೊಡೋ ಕಂಪನಿಗಳು ನಮ್ಮ ದೇಶದಲ್ಲೇ ಬೇಕಾದಷ್ಟಿವೆ. 2011ರ ಕೋಹಾ ಅಂತರರಾಷ್ಟ್ರೀಯ ಸಮ್ಮೇಳನ ನಡೆದಿದ್ದೂ ಇಲ್ಲೇ, ಮುಂಬೈ ಪಕ್ಕದ ಠಾಣೆಯಲ್ಲಿ.

ಇಲ್ಲೊಂದು ವ್ಯತ್ಯಾಸ ಗಮನಿಸಿ, ಇದನ್ನ ಬಹಳ ಜನ ಕಲಸ್ಕೊಳ್ತಾರೆ. ಪುಕ್ಕಟೆ ಸಿಗೋದೆಲ್ಲಾ ಓಪನ್ ಸೋರ್ಸ್ ಅಲ್ಲ, ಓಪನ್ ಸೋರ್ಸ್ ಅಂದ್ರೆ ಪ್ರೋಗ್ರಾಂನ ಮೂಲ ಕೋಡೇ (ಸೋರ್ಸ್) ಎಲ್ಲರಿಗೂ ತೆರೆದಿರ್ಬೇಕು. ನಮ್ಮ ಹಿರಿಯ ಲೈಬ್ರರಿಯನ್‌ಗಳು ಕೆಲಸ ಕಲಿತ ಸಿಡಿಎಸ್ ಐಸಿಸ್ ಅನ್ನೋ ಸಾಫ್ಟ್‌ವೇರ್, ಯುನೆಸ್ಕೋ ಕೊಟ್ಟಿದ್ದು, ಫ್ರೀ ಇತ್ತು, ಆದ್ರೆ ಸೋರ್ಸ್ ನಮ್ಮ ಕೈಲಿರ್ಲಿಲ್ಲ. ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿಯ ಇ-ಗ್ರಂಥಾಲಯ ಸರ್ಕಾರಿ ಲೈಬ್ರರಿಗಳಿಗೆ ದುಡ್ಡಿಲ್ದೆ ಸಿಗತ್ತೆ, ಅದೂ ಓಪನ್ ಸೋರ್ಸ್ ಅಲ್ಲ. ಯೂನಿವರ್ಸಿಟಿ ಲೈಬ್ರರಿಗಳಿಗಾಗಿ ಇರೋ ಇನ್‌ಫ್ಲಿಬ್‌ನೆಟ್ ಸಂಸ್ಥೆಯ ಸೋಲ್ ಸಾಫ್ಟ್‌ವೇರ್ ಕೂಡ ಅಲ್ಲ. ಇವು ಕೆಟ್ಟವು ಅಂತ ಅಲ್ಲ. ಒಬ್ಬರೇ ಸಿಬ್ಬಂದಿ ಇರೋ ಸರ್ಕಾರಿ ಕಾಲೇಜಿನವರು ನನ್ನನ್ನ ಕೇಳಿದ್ರೆ ಇ-ಗ್ರಂಥಾಲಯ ನೋಡಿ ಅಂತ ಮುಚ್ಚುಮರೆ ಇಲ್ದೇ ಹೇಳ್ತೀನಿ. ನಮ್ಮ ಪಕ್ಕದ ಹೈದರಾಬಾದ್‌ನಲ್ಲೇ ತಯಾರಾದ ನ್ಯೂಜೆನ್‌ಲಿಬ್ 2008ರಲ್ಲಿ ಓಪನ್ ಸೋರ್ಸ್ ಆಯ್ತು. ಆದ್ರೆ ಇವತ್ತು ಪ್ರಶ್ನೆ ಕೇಳಿದ್ರೆ ಉತ್ತರ ಹೇಳೋ ಜನ ಎಲ್ಲಿ ಜಾಸ್ತಿ ಇದ್ದಾರೆ ಅಂತ ನೋಡಿದ್ರೆ ಕೋಹಾನೇ ಮುಂದೆ, ಅದರಲ್ಲೂ ಕೇರಳದಲ್ಲಿ ಕಾಲೇಜು ಯೂನಿವರ್ಸಿಟಿ ಲೈಬ್ರರಿಯವರು ಇದನ್ನ ತುಂಬಾ ಚೆನ್ನಾಗಿ ಬಳಸ್ತಿದ್ದಾರೆ. ಅವರು ಮಲಯಾಳಂ ಡೇಟಾ ಜೊತೆ ಪಟ್ಟ ಪಾಡು ನಮ್ಮ ಕನ್ನಡದ ಪಾಡಿಗೆ ಹತ್ತಿರದ್ದೇ, ಅವರ ಅನುಭವ ಕೇಳಿ ತಿಳ್ಕೊಳ್ಳಿ.

ಈಗ ನಿಜವಾದ ಕಷ್ಟಕ್ಕೆ ಬರ್ತೀನಿ, ನುಡಿ ಫಾಂಟ್.

ಹಳೇ ನುಡಿ, ಬರಹದಲ್ಲಿ ಟೈಪ್ ಮಾಡಿದಾಗ ಕಂಪ್ಯೂಟರ್ ಒಳಗೆ ಕೂತಿರೋದು ಕನ್ನಡ ಅಲ್ಲ. ಇಂಗ್ಲಿಷ್ ಅಕ್ಷರಗಳ ಕೋಡ್‌ಗಳ ಮೇಲೆ ಕನ್ನಡ ಚಿತ್ರ ಅಂಟಿಸಿರ್ತಾರೆ. ಫಾಂಟ್ ಇರೋ ತನಕ ಕನ್ನಡ ಕಾಣತ್ತೆ, ಎಕ್ಸೆಲ್‌ಗೆ ತಂದು ಫಾಂಟ್ ಬದಲಾಯಿಸಿದ್ರೆ ತಲೆ ಮೇಲೆ ಗೆರೆ ಇರೋ ಇಂಗ್ಲಿಷ್ ಅಕ್ಷರಗಳು, ನಡುವೆ ಪೌಂಡ್ ಗುರುತು, ಹೀಗೆ ಕಾಣತ್ತೆ. ಇದನ್ನ ಹಾಗೇ ಕೋಹಾಗೆ ಹಾಕಿದ್ರೆ ಒಪ್ಯಾಕ್‌ನಲ್ಲಿ (ಓದುಗರು ಪುಸ್ತಕ ಹುಡುಕೋ ಆನ್‌ಲೈನ್ ಪಟ್ಟಿಯಲ್ಲಿ) ಕಸ ಕಾಣತ್ತೆ, ಯಾವ ಹುಡುಗನೂ ಯಾವ ಪುಸ್ತಕವನ್ನೂ ಹುಡುಕೋಕಾಗಲ್ಲ. ಹಾಗಾಗಿ ಎಲ್ಲವನ್ನೂ ಯೂನಿಕೋಡ್‌ಗೆ, ಅಂದ್ರೆ ಕನ್ನಡ ಅಕ್ಷರಗಳಿಗೇ ಸ್ವಂತ ಕೋಡ್ ಇರೋ ವ್ಯವಸ್ಥೆಗೆ, ಪರಿವರ್ತನೆ ಮಾಡ್ಲೇಬೇಕು. ಕನ್ವರ್ಟರ್‌ಗಳು ಸಿಗ್ತವೆ, ಆದ್ರೆ ಕಣ್ಮುಚ್ಚಿ ನಂಬ್ಬೇಡಿ.

ಕನ್ವರ್ಟ್ ಆದ್ಮೇಲೆ ಶೀಟ್‌ನಲ್ಲಿ ಮೊದ್ಲು ಹುಡುಕಬೇಕಾದ ಪದ "ಕನಾರ್ಟಕ". ಹೌದು, ತಪ್ಪಾಗಿರೋ ರೂಪವನ್ನೇ ಹುಡುಕಿ. ಹಳೇ ಫಾಂಟ್‌ನಲ್ಲಿ ಅರ್ಕಾವತ್ತನ್ನ ನಾವು ಬರೆಯೋ ಹಾಗೇ ಅಕ್ಷರದ ನಂತರ ಇಡ್ತಾರೆ, ಯೂನಿಕೋಡ್‌ನಲ್ಲಿ ಅದು ಉಚ್ಚಾರಣೆಯ ಕ್ರಮದಲ್ಲಿ ಮುಂಚೆ ಬರ್ಬೇಕು. ಕನ್ವರ್ಟರ್ ಅದನ್ನ ಅಕ್ಷರಕ್ಕಿಂತ ಮುಂಚೆ ತಂದು ಜೋಡಿಸ್ದೇ ಇದ್ರೆ ಕರ್ನಾಟಕ ಹೋಗಿ ಕನಾರ್ಟಕ, ಧರ್ಮ ಹೋಗಿ ಧಮರ್, ವರ್ಷ ಹೋಗಿ ವಷರ್ ಆಗತ್ತೆ. ಡಿಗ್ರಿ ಕಾಲೇಜಿನ ಕನ್ನಡ ಪುಸ್ತಕಗಳಲ್ಲಿ ಕರ್ನಾಟಕ ಅನ್ನೋ ಪದ ಎಷ್ಟು ಶೀರ್ಷಿಕೆಗಳಲ್ಲಿ ಬರತ್ತೆ ಅಂತ ನಿಮಗೇ ಗೊತ್ತು. ಈ ಒಂದು ಪದ ಸರಿಯಾಗಿ ಬಂದಿದ್ರೆ ಕನ್ವರ್ಟರ್ ಮೇಲೆ ಅರ್ಧ ಭರವಸೆ ಇಡ್ಬೋದು.

ಉಳಿದ ಅರ್ಧ ಇಂಗ್ಲಿಷ್ ಸಾಲುಗಳದ್ದು. ನಿಮ್ಮ ಶೀರ್ಷಿಕೆ ಕಾಲಂನಲ್ಲಿ ಕನ್ನಡ ಇಂಗ್ಲಿಷ್ ಎರಡೂ ಕಲಸಿರತ್ತೆ. ಪೂರ್ತಿ ಕಾಲಂ ಕನ್ವರ್ಟರ್‌ಗೆ ಕೊಟ್ರೆ ಇಂಗ್ಲಿಷ್ ಪುಸ್ತಕದ ಹೆಸರುಗಳೆಲ್ಲಾ ಅರ್ಥ ಇಲ್ಲದ ಕನ್ನಡ ಅಕ್ಷರ ಆಗ್ಬಿಡ್ತವೆ, ಆಮೇಲೆ ವಾಪಸ್ ತರೋದು ನರಕ. ಭಾಷೆ ಕಾಲಂ ಇದ್ರೆ ಅದರ ಪ್ರಕಾರ ಎರಡು ಶೀಟ್ ಮಾಡಿ, ಇಲ್ಲಾಂದ್ರೆ ಆ ಗೆರೆ ಅಕ್ಷರಗಳು ಇರೋ ಸಾಲುಗಳನ್ನ ಫಿಲ್ಟರ್ ಹಾಕಿ ಬೇರೆ ತೆಗೀರಿ. ಮೂಲ ಫೈಲ್‌ನ ಮುಟ್ಟದೇ ಒಂದು ಕಾಪಿ ಎತ್ತಿಡಿ. ಪರಿಗ್ರಹಣ ಸಂಖ್ಯೆ (ಅಕ್ಸೆಶನ್ ನಂಬರ್), ಇಸವಿ, ಬೆಲೆ ಇವು ಯಾವ್ದೂ ಕನ್ನಡ ಅಂಕಿಯಲ್ಲಿ ಇರೋದು ಬೇಡ, ಬಾರ್‌ಕೋಡ್‌ಗೂ ಸಾರ್ಟಿಂಗ್‌ಗೂ ತೊಂದ್ರೆ.

ಇನ್ನೊಂದು ಕಣ್ಣಿಗೆ ಕಾಣದ ತೊಂದ್ರೆ ಇದೆ. ಯೂನಿಕೋಡ್‌ನಲ್ಲಿ "ಕೋ" ಅನ್ನೋದನ್ನ ಒಂದೇ ಸ್ವರಚಿಹ್ನೆಯಾಗೂ ಇಡ್ಬೋದು, ಮೂರು ತುಂಡು ಸೇರ್ಸೂ ಇಡ್ಬೋದು, ಸ್ಕ್ರೀನ್ ಮೇಲೆ ಎರಡೂ ಒಂದೇ ಥರ ಕಾಣತ್ತೆ, ಆದ್ರೆ ಕಂಪ್ಯೂಟರ್‌ಗೆ ಅವು ಬೇರೆ ಬೇರೆ. ಡೇಟಾ ಅಪ್‌ಲೋಡ್ ಮಾಡೋಕೆ ಮುಂಚೆ ಇದನ್ನೆಲ್ಲಾ ಒಂದೇ ರೂಪಕ್ಕೆ ತರೋದನ್ನ ನಾರ್ಮಲೈಸ್ ಮಾಡೋದು ಅಂತಾರೆ, ಅಂಥ ಒಂದು ರೂಪದ ಹೆಸರು ಎನ್‌ಎಫ್‌ಸಿ, ಮೈಗ್ರೇಶನ್ ಮಾಡ್ಕೊಡೋರಿಗೆ "ಎನ್‌ಎಫ್‌ಸಿ ಮಾಡಿದ್ರಾ?" ಅಂತ ಕೇಳಿ. ಅವರು ಏನದು ಅಂತ ತಿರುಗಿ ಕೇಳಿದ್ರೆ ಬೇರೆಯವರನ್ನ ನೋಡಿ.

ಕೋಹಾ ಒಳಗೂ ಒಂದು ಸೆಟ್ಟಿಂಗ್ ಇದೆ, ಕನ್ನಡ ಹುಡುಕಾಟ ಬರಲ್ಲ ಅನ್ನೋ ದೂರುಗಳಲ್ಲಿ ಬಹುಪಾಲು ಇದ್ರಿಂದಾನೇ. ಕೋಹಾದ ಹುಡುಕಾಟ ಸಾಮಾನ್ಯವಾಗಿ ನೋಡ್ಕೊಳ್ಳೋದು ಝೀಬ್ರಾ ಅನ್ನೋ ಇಂಡೆಕ್ಸರ್ (ಹುಡುಕೋಕೆ ಪದಗಳ ಪಟ್ಟಿ ತಯಾರಿಸೋ ಪ್ರೋಗ್ರಾಂ). ಅದು ಮಾಮೂಲಿಯಾಗಿ ಬರೋದು ಯುರೋಪಿನ ಭಾಷೆಗಳಿಗೆ ಹೊಂದೋ ಅಕ್ಷರಪಟ್ಟಿ ಜೊತೆ. ನಮ್ಮ ಲಿಪಿಗೆ ಅದನ್ನ ಐಸಿಯು ಅನ್ನೋ, ಎಲ್ಲಾ ಲಿಪಿಗೂ ಹೊಂದೋ ಇಂಡೆಕ್ಸಿಂಗ್‌ಗೆ ಬದಲಾಯಿಸ್ಬೇಕು, ಒಂದು ಕಾನ್ಫಿಗರೇಶನ್ ಫೈಲ್‌ನಲ್ಲಿ ಕೆಲವು ಸಾಲು, ಆಮೇಲೆ ಪೂರ್ತಿ ರೀ-ಇಂಡೆಕ್ಸ್. 18,000 ರೆಕಾರ್ಡ್ ಅಂದ್ರೆ ದೊಡ್ಡ ಸಂಖ್ಯೆ ಏನಲ್ಲ, ಬೇಗ ಮುಗಿಯತ್ತೆ. ಇಷ್ಟು ಮಾಡ್ದೇ "ಕೋಹಾದಲ್ಲಿ ಕನ್ನಡ ಸರ್ಚ್ ಆಗಲ್ಲ" ಅಂತ ಬಿಟ್ಟು ಹೋದವರನ್ನ ನೋಡಿದ್ರೆ ಹೊಟ್ಟೆ ಉರಿಯತ್ತೆ.

ಲೇಖಕರ ಹೆಸರಿನ ಬಗ್ಗೆನೂ ಹೇಳ್ಬೇಕು, ಇಲ್ಲಿ ಕೋಹಾದಿಂದ ನಿಮಗೆ ಆಗೋ ಲಾಭ ದೊಡ್ಡದು. ನಿಮ್ಮ ಈಗಿನ ಡೇಟಾದಲ್ಲಿ ಕುವೆಂಪು ಅಂತ ಕೆಲವು, ಕೆ.ವಿ. ಪುಟ್ಟಪ್ಪ ಅಂತ ಕೆಲವು, ಪುಟ್ಟಪ್ಪ ಕೆ ವಿ ಅಂತ ಕೆಲವು ಎಂಟ್ರಿ ಇದ್ದೇ ಇರತ್ತೆ. ಶ್ರೀರಂಗರ ಪುಸ್ತಕ ಕೆಲವು ಕಡೆ ಆದ್ಯ ರಂಗಾಚಾರ್ಯ ಅಂತ ಇರತ್ತೆ. ಕನ್ನಡದಲ್ಲಿ ಕಾವ್ಯನಾಮ ಇಲ್ದೇ ಇರೋ ಹಿರಿಯ ಲೇಖಕರನ್ನ ಹುಡುಕೋದೇ ಕಷ್ಟ, ಹಾಗಾಗಿ ಈ ಸಮಸ್ಯೆ ನಮಗೆ ಬೇರೆಯವರಿಗಿಂತ ಜಾಸ್ತಿ. ಕೋಹಾದಲ್ಲಿ ಅಥಾರಿಟಿ ರೆಕಾರ್ಡ್ (ಒಬ್ಬ ಲೇಖಕರ ಎಲ್ಲಾ ಹೆಸರುಗಳನ್ನ ಒಂದು ಕಡೆ ಇಡೋ ದಾಖಲೆ) ಅಂತ ಇದೆ, ಅದರಲ್ಲಿ ಕುವೆಂಪು ಅನ್ನೋದನ್ನ ಮುಖ್ಯ ರೂಪ ಅಂತ ಇಟ್ಟು ಉಳಿದ ರೂಪಗಳನ್ನ 400ನೇ ಫೀಲ್ಡ್‌ಗಳಲ್ಲಿ ಸೇರಿಸಿ ಪುಸ್ತಕಗಳನ್ನ ಅದಕ್ಕೆ ಲಿಂಕ್ ಮಾಡಿ, ಬೇರೆ ರೂಪಗಳನ್ನೂ ಹುಡುಕಾಟಕ್ಕೆ ಸೇರಿಸೋ ಸೆಟ್ಟಿಂಗ್ (IncludeSeeFromInSearches) ಆನ್ ಮಾಡಿದ್ರೆ, ಹುಡುಗರು ಯಾವ ಹೆಸರಲ್ಲಿ ಹುಡುಕಿದ್ರೂ ಒಂದೇ ಕಡೆ ಬರ್ತಾರೆ. ಮೈಗ್ರೇಶನ್ ದಿನವೇ ಇದೆಲ್ಲಾ ಆಗ್ಬೇಕಿಲ್ಲ. ಒಂದು ವರ್ಷ ನಿಧಾನವಾಗಿ, ಜಾಸ್ತಿ ಪುಸ್ತಕ ಇರೋ ಲೇಖಕರಿಂದ ಶುರು ಮಾಡಿ. ಕನ್ನಡ ಪುಸ್ತಕಗಳಿಗೆ ಝಡ್ 39.50 (ಬೇರೆ ಲೈಬ್ರರಿಯ ರೆಕಾರ್ಡ್ ಹುಡುಕಿ ಇಳಿಸ್ಕೊಳ್ಳೋ ವ್ಯವಸ್ಥೆ) ಮೂಲಕ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ರೆಕಾರ್ಡ್ ಇಳಿಸ್ಕೋಬೋದು, ಆದ್ರೆ ಅವು ಬಹಳಷ್ಟು ರೋಮನ್ ಲಿಪಿಯಲ್ಲಿರ್ತವೆ, ನಮ್ಮ ಹುಡುಗರಿಗೆ ಉಪಯೋಗ ಇಲ್ಲ. ಇಂಗ್ಲಿಷ್ ಪುಸ್ತಕಗಳಿಗೆ ಮಾತ್ರ ಅದು ವರ.

ಲಿನಕ್ಸ್ ಭಯದ ಬಗ್ಗೆ. ಕೋಹಾ ಓಡೋದು ಡೆಬಿಯನ್ ಅಥವಾ ಉಬುಂಟು ಅನ್ನೋ ಲಿನಕ್ಸ್ ಮೇಲೆ, ನಿಜ. ಆದ್ರೆ ಲಿನಕ್ಸ್ ಇರೋದು ಸರ್ವರ್‌ನಲ್ಲಿ ಮಾತ್ರ, ನೀವು ಕೆಲಸ ಮಾಡೋದು ಬ್ರೌಸರ್‌ನಲ್ಲಿ, ನಿಮ್ಮ ಕೌಂಟರ್‌ನ ವಿಂಡೋಸ್ ಕಂಪ್ಯೂಟರ್ ಹಾಗೇ ಇರತ್ತೆ. ದಿನಾ ಬೆಳಗ್ಗೆ ಕಮಾಂಡ್ ಹೊಡೆಯೋ ಕೆಲಸ ಇರಲ್ಲ. ಇನ್‌ಸ್ಟಾಲ್ ಮಾಡೋವಾಗ ಡೆಬಿಯನ್ ಪ್ಯಾಕೇಜ್‌ನಿಂದಾನೇ ಮಾಡ್ಸಿ, ಯಾರೋ ತಯಾರಿಸಿ ಹಂಚ್ತಿರೋ ಹಳೇ ಡಿವಿಡಿಯಿಂದ ಬೇಡ, ಅಪ್‌ಗ್ರೇಡ್ ಮಾಡೋವಾಗ ಒದ್ದಾಡ್ತೀರ. ನಿಮ್ಮ ಗಾತ್ರದ ಲೈಬ್ರರಿಗೆ 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರೋ ಒಂದು ಒಳ್ಳೇ ಡೆಸ್ಕ್‌ಟಾಪ್ ಸಾಕು. ಕರೆಂಟ್ ಹೋಗೋ ಊರಾದ್ರೆ ಯುಪಿಎಸ್ ಇಲ್ದೇ ಹಾಕ್ಲೇಬೇಡಿ, ಬರೆಯೋ ಮಧ್ಯೆ ಮೆಷಿನ್ ಆಫ್ ಆದ್ರೆ ಡೇಟಾಬೇಸ್ ಟೇಬಲ್ ಕೆಡೋ ಅಪಾಯ ಇದೆ. ಕ್ಲೌಡ್‌ನಲ್ಲಿ ಇಡೋಕೆ ದುಡ್ಡು ಮಂಜೂರಾದ್ರೆ ಅದೇ ಉತ್ತಮ, ಹುಡುಗರು ಹಾಸ್ಟೆಲ್‌ನಿಂದಾನೇ ಫೋನಲ್ಲಿ ಒಪ್ಯಾಕ್ ನೋಡ್ತಾರೆ, ಅದಾದ್ಮೇಲೆ ನೋಡಿ ಲೈಬ್ರರಿ ಉಪಯೋಗ ಹೇಗೆ ಬದಲಾಗತ್ತೆ ಅಂತ.

ಕಲಿಯಲೇಬೇಕಾದ ಒಂದು ಕೆಲಸ ಬ್ಯಾಕಪ್. ಕೋಹಾ ಪ್ಯಾಕೇಜ್ ತಾನೇ ದಿನಾ ಬ್ಯಾಕಪ್ ತೆಗ್ದು ಅದೇ ಮೆಷಿನ್‌ನಲ್ಲಿ ಇಡತ್ತೆ. ಅದೇ ಮೆಷಿನ್‌ನಲ್ಲಿ ಅಂದ್ರೆ, ಹಾರ್ಡ್ ಡಿಸ್ಕ್ ಸತ್ರೆ ಬ್ಯಾಕಪ್ಪೂ ಅದರ ಜೊತೆಗೇ ಹೋಯ್ತು. ವಾರಕ್ಕೊಮ್ಮೆ ಆ ಫೈಲ್ ಬೇರೆ ಕಡೆ ಕಾಪಿ ಮಾಡ್ಕೊಳ್ಳಿ, ಪ್ರಿನ್ಸಿಪಾಲ್ ಆಫೀಸ್ ಕಂಪ್ಯೂಟರ್‌ನಲ್ಲಿ ಒಂದು, ಪೆನ್‌ಡ್ರೈವ್‌ನಲ್ಲಿ ಒಂದು. ಮತ್ತೆ ಮೂರು ತಿಂಗಳಿಗೊಮ್ಮೆ ಆ ಫೈಲ್‌ನ ಇನ್ನೊಂದು ಮೆಷಿನ್‌ನಲ್ಲಿ ರೀಸ್ಟೋರ್ ಮಾಡಿ ಪುಸ್ತಕಗಳು ಕಾಣ್ತಿವೆಯಾ ಅಂತ ನೋಡಿ. ರೀಸ್ಟೋರ್ ಮಾಡಿ ನೋಡದ ಬ್ಯಾಕಪ್ ಇದ್ದೂ ಇಲ್ಲದಂಗೆ. ನಿಮ್ಮ ಜೊತೆ ಕಂಪ್ಯೂಟರ್ ಸೈನ್ಸ್ ವಿಭಾಗದ ಒಬ್ಬ ಲೆಕ್ಚರರ್‌ನ ಸೇರಿಸ್ಕೊಳ್ಳಿ, ಇಬ್ಬರಿಗೂ ಗೊತ್ತಿರ್ಲಿ. ಒಬ್ಬರಿಗೇ ಗೊತ್ತಿದ್ದು ಅವರು ಟ್ರಾನ್ಸ್‌ಫರ್ ಆದ ದಿನಕ್ಕೆ ನಿಂತುಹೋದ ಸಿಸ್ಟಮ್‌ಗಳು ನಮ್ಮಲ್ಲಿ ಬೇಕಾದಷ್ಟಿವೆ.

ಹಳೇ ಕಂಪನಿಗೆ ಈಗ್ಲೇ, ಎಎಂಸಿ ಮುಗಿಯೋ ಮುಂಚೆನೇ, ಪ್ರಿನ್ಸಿಪಾಲ್ ಸಹಿ ಹಾಕಿದ ಪತ್ರ ಕೊಡಿ. ಪೂರ್ತಿ ಡೇಟಾ ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯೋ ಫೈಲ್) ಅಥವಾ ಮಾರ್ಕ್ 21ನಲ್ಲಿ (ಲೈಬ್ರರಿ ರೆಕಾರ್ಡ್‌ಗಳ ಅಂತರರಾಷ್ಟ್ರೀಯ ಮಾದರಿ) ಬೇಕು, ಡೇಟಾಬೇಸ್ ಬ್ಯಾಕಪ್ಪೂ ಅದರ ಪಾಸ್‌ವರ್ಡೂ ಬೇಕು ಅಂತ ಬರೀರಿ. ಬಿಟ್ಟು ಹೋಗ್ತಾರೆ ಅಂತ ಗೊತ್ತಾದ್ಮೇಲೆ ಉತ್ತರ ಇನ್ನೂ ನಿಧಾನ ಆಗತ್ತೆ, ಅದಕ್ಕೇ ಹೇಳ್ತಿರೋದು. ಹೊಸದಾಗಿ ಕೋಹಾ ಸಪೋರ್ಟ್‌ಗೆ ಬರೋರ ಜೊತೆಗೂ ಅಗ್ರಿಮೆಂಟ್‌ನಲ್ಲೇ ಬರೆಸ್ಕೊಳ್ಳಿ, ಸರ್ವರ್‌ನ ರೂಟ್ (ಪೂರ್ಣ ಅಧಿಕಾರದ) ಪಾಸ್‌ವರ್ಡ್ ಕಾಲೇಜಿಗೆ ಕೊಡ್ಬೇಕು, ವಾರದ ಬ್ಯಾಕಪ್ ನಮಗೆ ಬರ್ಬೇಕು, ಬಿಟ್ಟು ಹೋಗೋವಾಗ ಡೇಟಾಗೆ ದುಡ್ಡು ಕೇಳೋ ಹಾಗಿಲ್ಲ. ಕೋಹಾನೇ ತಗೊಂಡು ಬೇರೆ ಹೆಸರು ಲೋಗೋ ಹಾಕಿ ಮಾರೋರೂ ಇದ್ದಾರೆ. ಮಾರೋಕೆ ಲೈಸೆನ್ಸ್ ಅಡ್ಡಿ ಮಾಡಲ್ಲ, ಆದ್ರೆ ಸಾಫ್ಟ್‌ವೇರ್ ಕೊಟ್ಟ ಮೇಲೆ ಕೋಡ್ ಕೇಳೋ ಹಕ್ಕು ನಿಮಗಿದೆ. ಕೊಡಲ್ಲ ಅಂದ್ರೆ ಹಳೇ ಗೋಳೇ ಮತ್ತೆ ಶುರುವಾಗತ್ತೆ.

ಕಾಲೇಜುಗಳಿಗೆ ಗ್ರೇಡ್ ಕೊಡೋ ನ್ಯಾಕ್ ಬಗ್ಗೆ ನೀವು ಕೇಳಿಲ್ಲ, ಆದ್ರೆ ಮೀಟಿಂಗ್‌ನಲ್ಲಿ ಖಂಡಿತ ಬರತ್ತೆ. ಲೈಬ್ರರಿ ಆಟೊಮೇಶನ್‌ಗೆ ಸಂಬಂಧಪಟ್ಟಂಗೆ ಅವರು ಕೇಳ್ತಾ ಬಂದಿರೋದು ಸಾಫ್ಟ್‌ವೇರ್ ಹೆಸರು, ವರ್ಷನ್, ಪೂರ್ತಿ ಆಟೊಮೇಶನ್ನಾ ಭಾಗಶಃನಾ, ಯಾವ ವರ್ಷ ಆಯ್ತು ಅಂತ. ದುಡ್ಡು ಕೊಟ್ಟು ತಗೊಂಡಿದ್ದೇ ಆಗ್ಬೇಕು ಅಂತ ಏನಿಲ್ಲ. ಇನ್ನು ಭಾರತ ಸರ್ಕಾರವೇ 2015ರಲ್ಲಿ ತನ್ನ ಇಲಾಖೆಗಳು ಓಪನ್ ಸೋರ್ಸ್‌ಗೆ ಆದ್ಯತೆ ಕೊಡ್ಬೇಕು ಅಂತ ನೀತಿ ತಂದಿದೆ. ದೇಶದ ಪಿಎಚ್‌ಡಿ ಪ್ರಬಂಧಗಳನ್ನ ಇಟ್ಟಿರೋ ಶೋಧಗಂಗಾ ಓಡ್ತಿರೋದು ಡಿಸ್ಪೇಸ್ ಅನ್ನೋ ಓಪನ್ ಸೋರ್ಸ್ ಮೇಲೆ. ನಮ್ಮ ಬೆಂಗಳೂರಿನ ಐಐಎಸ್‌ಸಿ 2002ರಲ್ಲೇ ಇಪ್ರಿಂಟ್ಸ್ ಅನ್ನೋ ಓಪನ್ ಸೋರ್ಸ್ ಹಾಕಿ ತನ್ನ ಸಂಶೋಧನಾ ಲೇಖನಗಳ ಭಂಡಾರ ಶುರು ಮಾಡ್ತು. ನಿಮ್ಮ ಮ್ಯಾನೇಜ್‌ಮೆಂಟ್‌ನವರಿಗೆ ಹೆಸರು ಬೇಕಾದ್ರೆ ಇವಿಷ್ಟು ಸಾಕು.

ಆದ್ರೆ ಉತ್ಸಾಹದಲ್ಲಿ ನೀವೂ ಇದರ ಜೊತೆಗೇ ಡಿಸ್ಪೇಸ್ ಹಾಕ್ತೀವಿ, ಆರ್‌ಎಫ್‌ಐಡಿ (ಪುಸ್ತಕಕ್ಕೆ ಅಂಟಿಸೋ ರೇಡಿಯೋ ಚಿಪ್) ಹಾಕ್ತೀವಿ ಅಂತ ಹೊರಡ್ಬೇಡಿ. ಡಿಸ್ಪೇಸ್ 7ರಿಂದ ಈಚೆಗೆ ಎರಡು ಭಾಗವಾಗಿ ಓಡತ್ತೆ, ನೋಡ್ಕೊಳ್ಳೋದು ಕೋಹಾಗಿಂತ ಕಷ್ಟ. ಹಳೇ ಪ್ರಶ್ನೆಪತ್ರಿಕೆ ಕೊಡೋದಷ್ಟೇ ಉದ್ದೇಶ ಆದ್ರೆ ಕೋಹಾ ರೆಕಾರ್ಡ್‌ನ 856ನೇ ಫೀಲ್ಡ್‌ನಲ್ಲಿ ಪಿಡಿಎಫ್ ಲಿಂಕ್ ಹಾಕಿದ್ರೆ ಕೆಲಸ ಮುಗೀತು.

ಯಾವಾಗ ಮಾಡ್ಬೇಕು ಅಂದ್ರೆ ಅಡ್ಮಿಶನ್ ಟೈಮಲ್ಲಂತೂ ಬೇಡ. ಮೊದ್ಲು ಕನ್ನಡ ಇಂಗ್ಲಿಷ್ ಸೇರ್ಸಿ ಒಂದಿನ್ನೂರು ಪುಸ್ತಕ ಟ್ರಯಲ್ ಮೆಷಿನ್‌ಗೆ ಹಾಕಿ, ಕನ್ನಡ ಮೇಷ್ಟ್ರುಗಳನ್ನ ಕೂರಿಸಿ ಹುಡುಕಿಸಿ, ಅವರು ಹಿಡಿಯೋ ತಪ್ಪು ನಮ್ಮ ಕಣ್ಣಿಗೆ ಬೀಳಲ್ಲ. ಆಮೇಲೆ ರಜೆಯಲ್ಲಿ ಸ್ಟಾಕ್ ವೆರಿಫಿಕೇಶನ್ ಜೊತೆ ಸೇರ್ಸಿ ಪೂರ್ತಿ ಹಾಕಿ, ಇಲ್ಲದ ಪುಸ್ತಕದ ರೆಕಾರ್ಡ್ ಯಾಕೆ ಹೊಸ ಸಿಸ್ಟಮ್‌ಗೆ ತರ್ಬೇಕು. ಹಳೇ ಇಶ್ಯೂ ಹಿಸ್ಟರಿ ತರೋದು ಬೇಡ, ವರ್ಷದ ಕೊನೆಗೆ ಎಲ್ಲಾ ಪುಸ್ತಕ ವಾಪಸ್ ತರಿಸ್ಕೊಂಡು ಖಾಲಿಯಿಂದ ಶುರು ಮಾಡಿ. ಕೈಬರಹದ ಪರಿಗ್ರಹಣ ರಿಜಿಸ್ಟರ್ ಮಾತ್ರ ನಿಲ್ಲಿಸ್ಬೇಡಿ, ಆಡಿಟ್‌ನವರು ಬಂದ್ರೆ ಕೇಳೋದು ಅದನ್ನೇ.

ವಿದ್ಯಾರ್ಥಿಗಳ ಪಟ್ಟಿ ತರೋವಾಗ ಹೆಸರು, ರಿಜಿಸ್ಟರ್ ನಂಬರ್, ಕ್ಲಾಸು, ಫೋನ್ ಇಷ್ಟೇ ತನ್ನಿ. ಕೆಲವು ಹಳೇ ಶೀಟ್‌ಗಳಲ್ಲಿ ಆಧಾರ್ ನಂಬರ್, ಜಾತಿ, ತಂದೆಯ ಆದಾಯದ ಕಾಲಂ ಕೂಡ ಇರತ್ತೆ. ಪುಸ್ತಕ ಕೊಡೋಕೆ ಅದ್ಯಾವ್ದೂ ಬೇಡ, ಇಂಟರ್‌ನೆಟ್‌ಗೆ ತೆರೆದಿರೋ ಸರ್ವರ್‌ನಲ್ಲಂತೂ ಅವು ಇರ್ಲೇಬಾರ್ದು. ಅಪ್‌ಲೋಡ್ ಮಾಡೋಕೆ ಮುಂಚೆ ಆ ಕಾಲಂಗಳನ್ನ ಅಳಿಸಿ.